ದುಡಿಮೆಯ ನೆಲೆಯಲ್ಲಿ ಮಾತು ಮತ್ತು ನಂಬಿಗೆ

ಬೆಳಗಾವಿ ನಗರದಿಂದ ಖಾನಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಉದ್ಯಮಬಾಗದಿಂದ ಮೊದಲುಗೊಂಡು ಪೀರನವಾಡಿಯನ್ನು ದಾಟಿ ಮಚ್ಛೆಯವರೆಗೆ, ಎರಕದ ಕುಲುಮೆಗಳೂ ಯಂತ್ರಗಳ ಬಿಡಿಭಾಗಗಳನ್ನು ಕಡೆಯುವ ಕಾರ್ಯಾಗಾರಗಳೂ ಸಾಲುಗೊಂಡು ನಿಂತಿವೆ. ಬೆಳಗಿನ ಪಾಳಿಯ ಹೊತ್ತಿಗೆ ಖಾನಾಪುರ ತಾಲೂಕಿನ ಹಳ್ಳಿಗಳಿಂದ ಬಸ್ಸು, ರೈಲು, ಮೋಟಾರು ಸೈಕಲ್ಲುಗಳನ್ನೇರಿ ತರುಣರು ಇಲ್ಲಿಗೆ ಬಂದಿಳಿಯುತ್ತಾರೆ. ಮಲಪ್ರಭೆಯ ದಂಡೆಯ ಗದ್ದೆಗಳಲ್ಲಿ ಹಿರಿಯರು ಭತ್ತದ ಸಸಿ ನೆಟ್ಟುಕೊಂಡಿರುವಾಗ ಮಕ್ಕಳು ಇಲ್ಲಿ ಕಬ್ಬಿಣದ ರಸವನ್ನು ಅಚ್ಚಿಗೆ ಎರೆಯುತ್ತಾರೆ. ಮಠಮಾನ್ಯಗಳ ಆಶ್ರಯದ ಶಾಲೆಗಳಲ್ಲಿ ಅಕ್ಷರ ಕಲಿತವರೂ ಈ ತರುಣರಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆದುದರಿಂದ ಕಾರ್ಯಾಗಾರದೊಳಗೆ ಮನುಷ್ಯರು ಒಬ್ಬರೊಡನೊಬ್ಬರು ಹೇಗೆ ಮಾತನಾಡುತ್ತಾರೆ, ಯಾರು ಯಾರನ್ನು ನಂಬುತ್ತಾರೆ, ಮುಂದಾಳು ಎನಿಸಿಕೊಂಡವನು ಯಾವ ಗುಣದಿಂದ ಮುಂದಾಳಾಗುತ್ತಾನೆ ಎಂಬ ಪ್ರಶ್ನೆಗಳು ಕಾರಖಾನೆಯ ಮಾಲೀಕರಿಗೆ ಮಾತ್ರ ಸಂಬಂಧಪಟ್ಟವಲ್ಲ. ಶಿಕ್ಷಣಸಂಸ್ಥೆಗಳಿಗೂ ಅಷ್ಟೇ ಸಂಬಂಧಪಟ್ಟವು.

ಎರಕದ ಕೆಲಸವನ್ನು ಕಣ್ಣಾರೆ ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅಚ್ಚು ಕಟ್ಟುವ ಮರಳಿನಲ್ಲಿ ಹದವಾದ ತೇವ ಇರಲೇಬೇಕು. ಇಲ್ಲದಿದ್ದರೆ ಅಚ್ಚು ನಿಲ್ಲುವುದಿಲ್ಲ. ಆ ತೇವ ಹದ ಮೀರಿದರೆ, ಇಲ್ಲವೆ ರಸವನ್ನು ಹೊತ್ತು ತರುವ ಲೇಡಲಿನ ಒಳಲೇಪ ಸರಿಯಾಗಿ ಒಣಗದೆ ಹೋದರೆ, ಅನಾಹುತ ಕಟ್ಟಿಟ್ಟದ್ದು. 1300 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾಗಿ ಕಾದ ಕಬ್ಬಿಣದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ ತನ್ನ ಮೂಲ ಗಾತ್ರದ ಸುಮಾರು 1700 ಪಟ್ಟು ಹಿಗ್ಗುತ್ತದೆ. ಕಾದ ರಸ ಮೇಲಕ್ಕೆ ಚಿಮ್ಮುತ್ತದೆ. ತೇವ ಅಲ್ಪವಾಗಿದ್ದರೆ ಎರಕದಲ್ಲಿ ಗುಳ್ಳೆಗಳು ಉಳಿದು ವಸ್ತು ಕೆಡುತ್ತದೆ. ಹೆಚ್ಚಾಗಿದ್ದರೆ ಮನುಷ್ಯರ ಮೈ ಸುಡುತ್ತದೆ.

ಇಂಥ ಕುಲುಮೆಯ ಬಳಿ, ಕೆಲಸಕ್ಕೆ ಸೇರಿ ಎರಡು ತಿಂಗಳೂ ತುಂಬದ ಹುಡುಗನೊಬ್ಬನಿಗೆ ಲೇಡಲಿನ ಒಳಮೈ ಇನ್ನೂ ಹಸಿಯಾಗಿರುವುದು ಕಾಣುತ್ತದೆಂದು ಊಹಿಸಿಕೊಳ್ಳಬಹುದು. ಪಕ್ಕದಲ್ಲಿಯೇ ಮುಕಾದಮ ನಿಂತಿದ್ದಾನೆ. ಆತನಿಗೆ ಅವಸರ; ಕುಲುಮೆಯಲ್ಲಿ ರಸ ಸಿದ್ಧವಾಗಿದೆ; ವಿದ್ಯುತ್ತು ಯಾವಾಗ ಕೈಕೊಡುವುದೋ ಎಂಬ ಚಿಂತೆ ಬೇರೆ. ‘ಮಾಮಾ, ಇದು ಇನ್ನೂ ಹಸೀ ಐತ್ರಿ’ ಎಂಬ ನಾಲ್ಕೈದು ಶಬ್ದಗಳು ಆ ಹುಡುಗನ ಬಾಯಿಂದ ಹೊರಡುವವೋ ಇಲ್ಲವೋ? ಕಾರ್ಯಾಗಾರದ ಒಗ್ಗಟ್ಟು, ನಂಬಿಗೆ, ನಾಯಕತ್ವ ಎಂದು ವೇದಿಕೆಗಳ ಮೇಲೆ ಆಡುವ ದೊಡ್ಡ ಮಾತುಗಳೆಲ್ಲ ಕಟ್ಟಕಡೆಗೆ ಬಂದು ನಿಲ್ಲುವುದು ಈ ನಾಲ್ಕೈದು ಶಬ್ದಗಳ ಮೇಲೆಯೇ.

ಅನೇಕ ಸಲ ಆ ಶಬ್ದಗಳು ಹೊರಡುವುದಿಲ್ಲ. ಹುಡುಗನಿಗೆ ಬುದ್ಧಿ ಇಲ್ಲವೆಂದಲ್ಲ, ಕಾಳಜಿ ಇಲ್ಲವೆಂದೂ ಅಲ್ಲ. ಹಿಂದೊಮ್ಮೆ ತಪ್ಪು ತೋರಿಸಿದವನಿಗೆ ‘ನಿನ್ನೆ ಮೊನ್ನೆ ಬಂದಾಂವ, ನನಗ ಕಲಿಸಾಕ ಬರ್ತೀಯೇನು’ ಎಂಬ ಉತ್ತರ ದೊರಕಿದ್ದನ್ನು ಅವನು ಕೇಳಿದ್ದಾನೆ. ಮುಕಾದಮನ ಅಪ್ರಸನ್ನತೆ ನಾಳೆಯ ಹಾಜರಿಯ ಮೇಲೆ, ಹೆಚ್ಚುವರಿ ಪಾಳಿಯ ಕೂಲಿಯ ಮೇಲೆ, ಊರಿನ ಜಾತ್ರೆಗೆ ಸಿಗಬೇಕಾದ ರಜೆಯ ಮೇಲೆ ಬೀಳುವುದೆಂಬುದನ್ನೂ ಅವನು ಬಲ್ಲ. ಇವೆಲ್ಲಕ್ಕಿಂತ ಆಳವಾದ ಕಾರಣವೊಂದಿದೆ. ಹಿರಿಯರ ಮುಂದೆ ಬಾಯಿ ಬಿಡುವುದು ಅವಿನಯವೆಂದು ಅವನಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಚಿಕ್ಕಂದಿನಿಂದ ಕಲಿಸಲಾಗಿದೆ. ಹೀಗೆ ಕಲಿಸಿದವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ವಿನಯಕ್ಕೂ ಮೌನಕ್ಕೂ ಇರುವ ಅಂತರವನ್ನು ಅವರು ಅವನಿಗೆ ತಿಳಿಸಿಕೊಡಲಿಲ್ಲ. ಕುಲುಮೆಯ ಮುಂದೆ ಆ ಅಂತರ ಪ್ರಾಣದ ಪ್ರಶ್ನೆಯಾಗುತ್ತದೆ.

ಈ ಗಡಿನಾಡಿನಲ್ಲಿ ಭಾಷೆಯ ತೊಡಕೂ ಇದೆಯೆಂದು ಕೆಲವರು ವಾದಿಸುತ್ತಾರೆ. ಅದು ಸಂಪೂರ್ಣ ಸುಳ್ಳಲ್ಲ. ಖಾನಾಪುರ ತಾಲೂಕಿನ ಬಹುಸಂಖ್ಯೆಯ ಮನೆಗಳಲ್ಲಿ ಮರಾಠಿ ಇದೆ. ಪೂರ್ವಭಾಗದ ಪಾರಿಶ್ವಾಡ, ಇಟಗಿ, ಕಕ್ಕೇರಿಯ ಕಡೆಗೆ ಬಂದಂತೆ ಕನ್ನಡವಿದೆ. ಪಶ್ಚಿಮದ ಕಾಡಿನಂಚಿನಲ್ಲಿ ಕೊಂಕಣಿಯೂ ಕಿವಿಗೆ ಬೀಳುತ್ತದೆ. ಬೆಳಗಾವಿಯ ಗಲ್ಲಿಗಳಿಂದ ಬರುವ ಕುಶಲ ಕೆಲಸಗಾರರಲ್ಲಿ ಉರ್ದು ಮಾತನಾಡುವವರು ಬಹಳ. ನಕ್ಷೆಗಳೂ ಯಂತ್ರದ ಮೇಲಿನ ಎಚ್ಚರಿಕೆಗಳೂ ಇಂಗ್ಲಿಷಿನಲ್ಲಿ. ಆದರೆ ಕಾರ್ಯಾಗಾರದ ಒಳಗೆ ನಿಂತು ಕಿವಿಗೊಟ್ಟವರಿಗೆ ಬೇರೆಯೇ ದೃಶ್ಯ ಕಾಣುತ್ತದೆ. ಕನ್ನಡದ ಕ್ರಿಯಾಪದಕ್ಕೆ ಮರಾಠಿಯ ನಾಮಪದವನ್ನು ಜೋಡಿಸಿ, ನಡುವೆ ಇಂಗ್ಲಿಷಿನ ಹತಾರದ ಹೆಸರೊಂದನ್ನು ತೂರಿಸಿ, ಅವರು ದಿನವಿಡೀ ಯಾವ ಅಡ್ಡಿಯೂ ಇಲ್ಲದೆ ಕೆಲಸ ನಡೆಸುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಯ ಕಾಲದಿಂದ ಬೀದಿಯಲ್ಲಿ ಕೇಳಿಬರುತ್ತಿರುವ ಭಾಷಾವಾದ ಲೇಥಿನ ಮುಂದೆ ಬಹುಮಟ್ಟಿಗೆ ತಣ್ಣಗಾಗಿರುತ್ತದೆ. ಎಚ್ಚರಿಕೆಯ ಫಲಕಗಳು ನಾಡಿನ ಭಾಷೆಯಾದ ಕನ್ನಡದಲ್ಲಿರಬೇಕು. ಜೊತೆಗೆ, ಓದಿ ಪ್ರಾಣ ಉಳಿಸಿಕೊಳ್ಳಬೇಕಾದವನಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕು. ಇದನ್ನು ಕನ್ನಡದ ಮೇಲಿನ ಅಭಿಮಾನದ ಕೊರತೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಫಲಕ ತೂಗುಹಾಕಿದ ಮಾತ್ರಕ್ಕೆ ಹುಡುಗನ ಬಾಯಿ ತೆರೆಯದು. ಅವನಿಗೆ ಶಬ್ದದ ಬಡತನವಿಲ್ಲ, ಅಭಯದ ಬಡತನವಿದೆ.

ಕಾನೂನು ಈ ಕೊರತೆಯನ್ನು ತುಂಬಲು ಪ್ರಯತ್ನ ಮಾಡಲಿಲ್ಲವೆಂದಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ನೂರು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರಖಾನೆಗಳಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳ ಸಮಿತಿಯನ್ನು ಕಲ್ಪಿಸಿತ್ತು. 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 43ಎ ವಿಧಿ, ಉದ್ಯಮದ ಆಡಳಿತದಲ್ಲಿ ಕಾರ್ಮಿಕರು ಪಾಲುಗೊಳ್ಳುವಂತೆ ಮಾಡುವುದು ರಾಜ್ಯದ ಕರ್ತವ್ಯವೆಂದು ಸಾರಿತು. ಜಪಾನಿನಲ್ಲಿ 1962ರಿಂದ ಬೆಳೆದ ಗುಣಮಟ್ಟ ವೃತ್ತಗಳ ಪದ್ಧತಿ 1980ರಲ್ಲಿ ಹೈದರಾಬಾದಿನ ಬಿ.ಎಚ್.ಇ.ಎಲ್. ಘಟಕದ ಮೂಲಕ ಭಾರತಕ್ಕೂ ಬಂದಿತು. ಇವೆಲ್ಲ ಒಳ್ಳೆಯ ಏರ್ಪಾಡುಗಳೇ. ಆದರೂ ಸಭೆ ಸೇರುವುದು, ಚಹಾ ಕುಡಿಯುವುದು, ಅಧ್ಯಕ್ಷರು ‘ಎಲ್ಲರದೂ ಒಪ್ಪಿಗೆಯಷ್ಟೆ?’ ಎಂದು ಕೇಳುವುದು, ಎಲ್ಲರೂ ತಲೆಯಾಡಿಸುವುದು, ಠರಾವು ಬರೆದು ಸಹಿ ಪಡೆಯುವುದು, ಇಷ್ಟರಲ್ಲಿಯೇ ಮುಗಿದುಹೋಗುವ ಸಮಿತಿಗಳನ್ನು ಕಾಣದವರಾರು? ಶಾಲೆಗಳ ಶಿಕ್ಷಕರ ಸಭೆಗಳೂ ಇದಕ್ಕೆ ಹೊರತಾಗಿಲ್ಲವೆಂಬುದನ್ನು ಸಂಕೋಚಪಡದೆ ಒಪ್ಪಿಕೊಳ್ಳುವುದು ಲೇಸು.

ಮಾತು ಹೇರಳವಾಗಿದ್ದೂ ನಂಬಿಗೆ ಮುರಿದುಬಿದ್ದ ಉದಾಹರಣೆಯೊಂದು ಬೆಳಗಾವಿಗೆ ಹತ್ತಿರದ ಪುಣೆಯಲ್ಲಿಯೇ ಇದೆ. 1880ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ, ಬಾಲ ಗಂಗಾಧರ ತಿಲಕ ಮೊದಲಾದವರು ನ್ಯೂ ಇಂಗ್ಲಿಷ್ ಸ್ಕೂಲನ್ನು ಆರಂಭಿಸಿದರು. ಗೋಪಾಳ ಗಣೇಶ ಆಗರಕರರೂ ಬಂದು ಕೂಡಿಕೊಂಡರು. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು ಹುಟ್ಟಿದವು. ಆಜೀವ ಸದಸ್ಯರಾದವರು ಅಲ್ಪ ವೇತನದಲ್ಲಿ ತಮ್ಮ ಸಮಯವನ್ನೆಲ್ಲ ಸಂಸ್ಥೆಗೇ ಧಾರೆಯೆರೆಯಬೇಕು, ಹೊರಗಿನ ದುಡಿಮೆ ಕೂಡದು ಎಂಬುದು ತಿಲಕರು ಪಟ್ಟು ಹಿಡಿದ ತತ್ತ್ವ. ಸಂಸ್ಥೆ ಬೆಳೆದಂತೆ ಈ ನಿಯಮ ಯಾರಿಗೆ ಎಷ್ಟು ಅನ್ವಯಿಸುತ್ತದೆ ಎಂಬ ಬಗ್ಗೆ ವಾದ ಹುಟ್ಟಿತು. 1890ರಲ್ಲಿ ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿತ್ವವನ್ನು ವಹಿಸಿಕೊಂಡದ್ದು ಕೊನೆಯ ನೆಪವಾಗಿ, ಅದೇ ವರ್ಷ ತಿಲಕರು ಸುದೀರ್ಘವಾದ ರಾಜೀನಾಮೆ ಪತ್ರ ಬರೆದು ಹೊರಬಂದರು. ಇಲ್ಲಿ ಸಾಮಾನ್ಯರು ಯಾರೂ ಇರಲಿಲ್ಲ. ಎಲ್ಲರೂ ಪಂಡಿತರು, ಎಲ್ಲರೂ ತ್ಯಾಗಿಗಳು, ಎಲ್ಲರೂ ಮಾತು ಬಲ್ಲವರು. ಆದರೆ ನಿಯಮವೊಂದು ತನಗೂ ಇನ್ನೊಬ್ಬನಿಗೂ ಒಂದೇ ತೂಕದ್ದಾಗಿದೆ ಎಂಬ ಭರವಸೆ ಸಡಿಲಿದಾಗ ಅವರ ಪಾಂಡಿತ್ಯವೂ ತ್ಯಾಗವೂ ಆ ಕೂಟವನ್ನು ಹಿಡಿದಿಡಲಾರದೆ ಹೋದವು. ತಿಲಕರು ಸರಿಯೋ ಉಳಿದವರು ಸರಿಯೋ ಎಂಬ ತೀರ್ಮಾನ ಇಲ್ಲಿ ಅನಾವಶ್ಯಕ.

ಪುಣೆಯ ಆ ಸಂಸ್ಥೆಯ ಆದರ್ಶವನ್ನು ಕಣ್ಣಮುಂದೆ ಇಟ್ಟುಕೊಂಡೇ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ತರುಣರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಎಸ್. ಎಸ್. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಎಚ್. ಎಫ್. ಕಟ್ಟೀಮನಿ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ಸರದಾರ ವಿ. ವಿ. ಪಾಟೀಲ ಎಂಬ ಈ ಏಳು ಹೆಸರುಗಳನ್ನು ಜನ ‘ಸಪ್ತರ್ಷಿಗಳು’ ಎಂದು ಒಟ್ಟಿಗೇ ಸ್ಮರಿಸುತ್ತಾರೆ. ಇವರಲ್ಲಿ ದೊಡ್ಡವರು ಯಾರು ಎಂಬ ಪ್ರಶ್ನೆ ಜನರ ಬಾಯಲ್ಲಿ ಬರುವುದಿಲ್ಲ. ಇನ್ನೊಂದು ಸಂಗತಿಯೂ ಗಮನಾರ್ಹ. ಅವರ ಮೊದಲ ಶಾಲೆಗೆ ಮುಂದೆ ಬಂದ ಹೆಸರು ಗಿಲಗಂಚಿ ಗುರುಸಿದ್ಧಪ್ಪನವರದು ಮತ್ತು ಅರಟಾಳ ರುದ್ರಗೌಡರದು. 1933ರಲ್ಲಿ ಆರಂಭವಾದ ಕಾಲೇಜಿಗೆ ಶಿರಸಂಗಿ ಲಿಂಗರಾಜರ ಹೆಸರು. 1947ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ತಾಂತ್ರಿಕ ಕಾಲೇಜಿಗೆ ಭೂಮರಡ್ಡಿಯವರ ಹೆಸರು. ನಿತ್ಯವೂ ತರಗತಿಗೆ ಹೋಗಿ ಪಾಠ ಹೇಳಿದವರು ಈ ಫಲಕಗಳ ಮೇಲೆ ತಮ್ಮ ಹೆಸರನ್ನು ಕೆತ್ತಿಸಲಿಲ್ಲ. ಕಟ್ಟಡಕ್ಕೆ ಕಲ್ಲಿಡುವ ಮೊದಲೇ ಹೆಸರು ಕೆತ್ತಿಸಿಕೊಳ್ಳುವ ಇಂದಿನ ದಿನಗಳಲ್ಲಿ ಇದು ವಿಚಿತ್ರವಾಗಿ ತೋರಬಹುದು. ಆದರೆ ಜೊತೆಗಾರನ ನಂಬಿಗೆಯನ್ನು ಮುಂದಾಳು ಗಳಿಸುವ ದಾರಿಗಳಲ್ಲಿ ಇದೂ ಒಂದು: ಫಲ ಹಂಚುವಾಗ ಅವನು ಸಾಲಿನ ಕೊನೆಗೆ ನಿಲ್ಲಬೇಕು.

ಶರಣರ ಕಾಲಕ್ಕೆ ಹೋದರೆ ಈ ವಿಚಾರ ಇನ್ನೂ ನಿಚ್ಚಳವಾಗುತ್ತದೆ. ಕಾಯಕ ಎಂಬ ಶಬ್ದವನ್ನು ಇಂದು ಕಾರಖಾನೆಗಳ ಗೋಡೆಗಳ ಮೇಲೆಲ್ಲ ಬರೆಸಲಾಗಿದೆ; ಆದರೆ ಅದರ ಅರ್ಥ ‘ಬಾಯಿಮುಚ್ಚಿ ದುಡಿ’ ಎಂಬಷ್ಟಕ್ಕೆ ಇಳಿದಂತೆ ಕಾಣುತ್ತದೆ. ಆಯ್ದಕ್ಕಿ ಮಾರಯ್ಯನ ಕಥೆ ಶಾಲೆಯ ಮಕ್ಕಳೆಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಆತ ನಿತ್ಯದ ಅಗತ್ಯಕ್ಕಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಈ ಕಥೆಯನ್ನು ಅಪರಿಗ್ರಹದ ಪಾಠವೆಂದು ಬೋಧಿಸುವುದು ರೂಢಿ, ಅದು ಸರಿಯೇ. ಆದರೆ ಕಥೆಯ ಇನ್ನೊಂದು ಮುಖ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಲಕ್ಕಮ್ಮ ಹೇಳಿದಳು, ಮಾರಯ್ಯ ಕೇಳಿದ. ಹೆಂಡತಿ ತಪ್ಪು ತೋರಿಸಿದಳೆಂದು ಆತನ ಮಾನ ಕುಂದಲಿಲ್ಲ. ಅಕ್ಕಿಯ ಗಂಟನ್ನು ಹೆಗಲಿಗೇರಿಸಿಕೊಂಡು ಬಂದ ದಾರಿಯಲ್ಲಿಯೇ ತಿರುಗಿ ನಡೆದ. ಕಾಯಕದ ಪಾವಿತ್ರ್ಯ ಉಳಿದದ್ದು ಆ ತಿರುಗಿ ನಡೆದ ದಾರಿಯಲ್ಲಿ. ಅನುಭವಮಂಟಪದ ಶೂನ್ಯಸಿಂಹಾಸನದ ಮೇಲೆ ಬಿಜ್ಜಳನ ಮಂತ್ರಿಯಾದ ಬಸವಣ್ಣ ತಾನು ಕೂಡದೆ, ಮದ್ದಳೆ ಬಾರಿಸುವ ವೃತ್ತಿಯಿಂದ ಬಂದ ಅಲ್ಲಮನನ್ನು ಕೂಡಿಸಿದನೆಂಬ ಪರಂಪರೆಯ ಮಾತಿಗೂ ಇದೇ ತಿರುಳು. ಅಧಿಕಾರವಿದ್ದವನು ಪೀಠದಿಂದ ಕೆಳಗೆ ಕುಳಿತದ್ದರಿಂದ ಅಂಬಿಗನೂ ಮಡಿವಾಳನೂ ಅಲ್ಲಿ ನಿರ್ಭಯವಾಗಿ ಮಾತನಾಡಿದರು.

ಕಲ್ಯಾಣದ ಕ್ರಾಂತಿಯ ತರುವಾಯ ಚೆನ್ನಬಸವಣ್ಣನ ನೇತೃತ್ವದಲ್ಲಿ ಶರಣರ ತಂಡವೊಂದು ಉಳವಿಯ ಕಡೆಗೆ ನಡೆದ ದಾರಿ ಈ ಖಾನಾಪುರದ ಸೀಮೆಯನ್ನೇ ಹಾಯ್ದಿತ್ತು. ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದು ನಿಲ್ಲಿಸುತ್ತ ಡೋಹರ ಕಕ್ಕಯ್ಯ ಪ್ರಾಣವನ್ನರ್ಪಿಸಿದ ಸ್ಥಳವೇ ಈ ತಾಲೂಕಿನ ಕಕ್ಕೇರಿ ಎಂಬುದು ಜನಜನಿತವಾದ ಪ್ರತೀತಿ. ಆತನ ಸಮಾಧಿಗೆ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ತೊಗಲು ಹದಮಾಡುವ ಕುಲದಲ್ಲಿ ಹುಟ್ಟಿ, ಅಂದಿನ ಸಮಾಜದ ಎಣಿಕೆಯಲ್ಲಿ ಅಸ್ಪೃಶ್ಯನೆನಿಸಿದ್ದವನು ಕಕ್ಕಯ್ಯ. ಅಂಥವನಿಗೆ ಬೆನ್ನು ಕೊಟ್ಟು, ವಚನಗಳ ಕಟ್ಟುಗಳನ್ನು ಹೊತ್ತು ಮುಂದಿನವರು ಕಾಡಿನ ದಾರಿ ಹಿಡಿದರು. ಹಿಂದೆ ನಿಂತವನು ಕೈಬಿಡುವನೋ ಎಂಬ ಅನುಮಾನ ಅವರಿಗೆ ಹುಟ್ಟಲಿಲ್ಲ. ಮುಂದೆ ಹೋದವರು ಮರೆತುಬಿಡುವರೋ ಎಂಬ ಅಳುಕು ಅವನಿಗೆ ಹುಟ್ಟಲಿಲ್ಲ. ವರ್ಷಗಳ ಕಾಲ ಒಂದೇ ಮಂಟಪದಲ್ಲಿ ಸರಿಸಮನಾಗಿ ಕುಳಿತು ಆಡಿದ ಮಾತುಗಳು ಅವರ ನಡುವೆ ಇದ್ದವು. ಆಪತ್ತು ಬಂದ ದಿನ ಭಾಷಣ ಮಾಡಿ ಇಂಥ ನಂಬಿಗೆಯನ್ನು ಹುಟ್ಟಿಸಲು ಬರುವುದಿಲ್ಲ.

ಇಂದಿನ ಕೈಗಾರಿಕೆಯಲ್ಲಿ ಇದು ಸಾಧ್ಯವೇ ಎಂದು ಕೇಳುವವರು ಮಚ್ಛೆಯ ಕಡೆಗೆ ನೋಡಬಹುದು. ಹೈಡ್ರಾಲಿಕ್ ಪಂಪು ಮತ್ತು ವಾಲ್ವುಗಳನ್ನು ತಯಾರಿಸುವ ಪಾಲಿಹೈಡ್ರಾನ್ ಎಂಬ ಉದ್ಯಮವನ್ನು ಸುರೇಶ ಹುಂದ್ರೆಯವರು 1981ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದರು. ಕೆಲಸಗಾರನ ಬೆನ್ನ ಹಿಂದೆ ಕಾವಲು ನಿಲ್ಲಿಸುವುದರ ಬದಲು ತನ್ನ ಕೆಲಸದ ಗುಣವನ್ನು ಅವನೇ ಪರೀಕ್ಷಿಸಿಕೊಳ್ಳುವ ಹೊಣೆ ವಹಿಸಿದ್ದು, ವ್ಯವಹಾರವನ್ನು ಮುಚ್ಚುಮರೆಯಿಲ್ಲದೆ ನಡೆಸಲು ಪಟ್ಟು ಹಿಡಿದದ್ದು ಅವರ ಹೆಸರನ್ನು ಬೆಳಗಾವಿಯ ಆಚೆಗೂ ಒಯ್ದಿತು. ಎಲ್ಲ ಮಾಲೀಕರಿಂದಲೂ ಇದು ಆದೀತೆಂದು ಹೇಳಲಾಗದು. ದೂರದ ಜಪಾನಿನ ಟೊಯೋಟಾ ಕಾರಖಾನೆಯಲ್ಲಿ ಒಂದು ಹಗ್ಗವಿರುತ್ತಿತ್ತು. ದೋಷ ಕಂಡ ಸಾಮಾನ್ಯ ಕೆಲಸಗಾರನೂ ಅದನ್ನು ಎಳೆದು ಮೇಲ್ವಿಚಾರಕನನ್ನು ಕರೆಯಬಹುದಾಗಿತ್ತು, ಬೇಕಾದರೆ ಇಡೀ ಸಾಲಿನ ಕೆಲಸವನ್ನೇ ನಿಲ್ಲಿಸಬಹುದಾಗಿತ್ತು. ಹಗ್ಗ ಕಟ್ಟುವುದಕ್ಕೆ ಹೆಚ್ಚು ವೆಚ್ಚವಿಲ್ಲ. ಎಳೆದವನನ್ನು ಗದರಿಸದೆ ಇರುವುದೇ ದುಬಾರಿಯಾದ ಭಾಗ. ಒಂದು ದಿನದ ಎರಕ ತಡವಾಯಿತೆಂದು ಆ ಹುಡುಗನಿಗೆ ಬೈಗುಳ ಬಿದ್ದರೆ, ಮರುದಿನದಿಂದ ಹಗ್ಗ ತೂಗಾಡುತ್ತಿರುತ್ತದೆಯೇ ಹೊರತು ಯಾರೂ ಅದನ್ನು ಮುಟ್ಟುವುದಿಲ್ಲ.

ಖಾನಾಪುರದ ಕುಂಬಾರರಿಗೆ ಈ ತತ್ತ್ವ ಹೊಸದೇನಲ್ಲ. ಅಲ್ಲಿಯ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರೀಯ ಸಂಸ್ಥೆ ಆ ಊರಿನಲ್ಲಿ ನೆಲೆಗೊಂಡದ್ದಕ್ಕೆ ಕಾರಣವಿಲ್ಲದಿಲ್ಲ. ಆವಿಗೆಯಲ್ಲಿ ಹತ್ತಾರು ಮಡಕೆಗಳನ್ನು ಒಂದರ ಮೇಲೊಂದು ಜೋಡಿಸಿ ಬೆಂಕಿಯಿಡುವಾಗ, ಒಳಗೆ ತೇವ ಉಳಿದ ಒಂದು ಮಡಕೆ ಸಿಡಿದರೆ ನೆರೆಯ ಮಡಕೆಗಳೂ ಒಡೆಯುತ್ತವೆ. ಹೊರಮೈ ಒಣಗಿದಂತೆ ಕಂಡರೂ ತಳ ಹಸಿಯಾಗಿರಬಹುದು. ಆದುದರಿಂದ ಬಲ್ಲ ಕುಂಬಾರನು ಮಡಕೆಯನ್ನು ಆವಿಗೆಗೆ ಇಡುವ ಮುನ್ನ ಮೇಲಿನ ಬಣ್ಣವನ್ನಷ್ಟೇ ನಂಬದೆ ತಳವನ್ನೂ ಮುಟ್ಟಿ ನೋಡುತ್ತಾನೆ. ಕಾರಖಾನೆಯ ಮುಕಾದಮನೂ ಸಂಸ್ಥೆಯ ಕಾರ್ಯದರ್ಶಿಯೂ ಶಾಲೆಯ ಮುಖ್ಯಾಧ್ಯಾಪಕನೂ ಹೀಗೆಯೇ ದಿನಕ್ಕೊಮ್ಮೆಯಾದರೂ ತಳದವರ ಬಳಿಗೆ ತಾವಾಗಿಯೇ ಹೋಗಿ ‘ಏನಾದರೂ ಸರಿಯಿಲ್ಲವೇ?’ ಎಂದು ಕೇಳಬೇಕಾಗುತ್ತದೆ. ಅವರಾಗಿ ಬಂದು ಹೇಳಲಿ ಎಂದು ಕುರ್ಚಿಯಲ್ಲಿ ಕಾದು ಕುಳಿತವನಿಗೆ ಸುದ್ದಿ ತಲುಪುವುದು ಅನಾಹುತವಾದ ಮೇಲೆಯೇ.

ಇನ್ನು ಶಾಲೆಗಳ ಮಾತು. ಹದಿನೆಂಟು ವರ್ಷ ಮೌನವಾಗಿ ಬೆಳೆದ ಹುಡುಗ ಉದ್ಯಮಬಾಗದ ಬಾಗಿಲಲ್ಲಿ ಒಮ್ಮೆಗೇ ಮಾತು ಕಲಿಯಲಾರ. ಮಠಗಳ ಪ್ರಸಾದನಿಲಯಗಳು ಈ ನಾಡಿನ ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟಿವೆ. ಆ ಋಣ ತೀರುವಂಥದ್ದಲ್ಲ. ಅದೇ ಪ್ರಸಾದನಿಲಯಗಳಲ್ಲಿ ಈ ಕಲಿಕೆಯೂ ಆರಂಭವಾಗಬಹುದು. ಅಡುಗೆ, ನೀರು, ಶುಚಿತ್ವ, ಉಗ್ರಾಣಗಳ ಪಾಳಿಗಳನ್ನು ವಿದ್ಯಾರ್ಥಿಗಳಿಗೆ ಹಂಚಿಕೊಡುವ ಪದ್ಧತಿ ಅನೇಕ ಕಡೆ ಇದ್ದೇ ಇದೆ. ಅದರ ಜೊತೆಗೆ, ತಿಂಗಳಿಗೆ ಬಂದ ಜೋಳವೆಷ್ಟು, ಬೇಳೆಯೆಷ್ಟು, ಖರ್ಚಾದದ್ದೆಷ್ಟು ಎಂಬುದನ್ನು ಊಟದ ಮನೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬಹುದು. ವಾರಕ್ಕೊಮ್ಮೆ ಸಭೆ ಸೇರಿಸಿ, ಎಲ್ಲರಿಗಿಂತ ಕಿರಿಯ ತರಗತಿಯ ಹುಡುಗನಿಂದ ಮಾತು ಆರಂಭಿಸಬಹುದು. ದೊಡ್ಡವರು ಮೊದಲು ಮಾತನಾಡಿದರೆ ಚಿಕ್ಕವರ ಪಾಲಿಗೆ ಉಳಿಯುವುದು ಚಪ್ಪಾಳೆ ಮಾತ್ರ. ಸಭೆಯಲ್ಲಿ ಯಾವನಾದರೂ ಅನ್ನ ಬೆಂದಿರಲಿಲ್ಲವೆಂದು ಹೇಳಿದರೆ, ನಿಲಯಪಾಲಕರು ಅವನ ಮೇಲೆ ಸಿಟ್ಟಾಗದೆ ಆ ದಿನದ ಅಡುಗೆಯ ಪಾಳಿಯವರನ್ನೂ ಕೂಡಿಸಿಕೊಂಡು ಕಟ್ಟಿಗೆ ಹಸಿಯಾಗಿತ್ತೋ, ನೀರು ಕಡಿಮೆಯಾಗಿತ್ತೋ ಎಂದು ವಿಚಾರಿಸಬಹುದು. ಹುಡುಗನ ದೂರು ತಪ್ಪಾಗಿದ್ದರೆ ತಪ್ಪೆಂದು ತಿಳಿಸಿ, ಮುಂದಿನ ವಾರವೂ ಅವನನ್ನು ಕೇಳಬೇಕು. ಇದಕ್ಕೆ ಸರಕಾರದ ಅನುದಾನ ಬೇಕಾಗಿಲ್ಲ, ಹೊಸ ಕಟ್ಟಡ ಬೇಕಾಗಿಲ್ಲ. ಒಂದು ಕರಿಹಲಗೆ, ಒಂದಿಷ್ಟು ಸುಣ್ಣದ ಕಡ್ಡಿ, ಮತ್ತು ಶನಿವಾರದ ಸಂಜೆ ಅರ್ಧ ತಾಸು ಸಾಕು.